ನಿಮ್ಮ ಹಜಾರದ ಮಾದರಿ ಆಮೆ

ಸಾಕುಪ್ರಾಣಿ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಕಚೇರಿಯ ನೆಲಮಹಡಿಯ ಹಜಾರದಲ್ಲಿ, ಅರ್ಜಿ ನಮೂನೆಗಳ ಕಪಾಟಿಗೂ ಕುಡಿಯುವ ನೀರಿನ ಯಂತ್ರಕ್ಕೂ ನಡುವೆ, ಗಾಜಿನ ಗೂಡೊಂದರಲ್ಲಿ ಒಂದು ಆಮೆ ಸಾಯುತ್ತಿದೆ. ಗೂಡಿನ ಮೇಲೆ ‘ಆದರ್ಶ ಒಳಾಂಗಣ ಪಾಲನೆ: ಮಾದರಿ ಘಟಕ’ ಎಂದು ದಪ್ಪಕ್ಷರದಲ್ಲಿ ಬರೆದ ಫಲಕವಿದೆ. ನೀವು ಹಿಂಬದಿಯ ಬಾಗಿಲಿನಿಂದ ಬಂದು ನೇರ ನಾಲ್ಕನೇ ಮಹಡಿಗೆ ಹೋಗುವವರಾದ್ದರಿಂದ ಅದು ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಆ ಆಮೆ ನಮ್ಮ ಮನೆಯದು. ಅದಕ್ಕೆ ರೋಗ ಬಂದದ್ದು ನಿಮ್ಮ ಕಚೇರಿಯ ಕೈಪಿಡಿಯನ್ನು ನಾವು ಚಾಚೂ ತಪ್ಪದೆ ಪಾಲಿಸಿದ್ದರಿಂದ. ಅದು ಚೇತರಿಸಿಕೊಳ್ಳತೊಡಗಿದ್ದು ಆ ಕೈಪಿಡಿಯನ್ನು ಪಕ್ಕಕ್ಕೆಸೆದ ಮೇಲೆ. ನೀವು ಅದನ್ನು ಜಪ್ತಿ ಮಾಡಿದ್ದು, ನಾವು ಕೈಪಿಡಿಯನ್ನು ಪಾಲಿಸುತ್ತಿಲ್ಲ ಎಂಬ ಕಾರಣಕ್ಕೆ. ಕೈಪಿಡಿಯ ತಪ್ಪನ್ನು ವಿವರಿಸಿ ಜಪ್ತಿಗೆ ಮೊದಲೇ ನಿಮಗೆ ಮೂರು ಪತ್ರ ಬರೆದಿದ್ದೆ. ಮೂರಕ್ಕೂ ಸೇರಿಸಿ ಒಂದೂವರೆ ಸಾಲಿನ ಉತ್ತರ ಬಂತು. ಆದ್ದರಿಂದ ಈ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಕನ್ನಡಕದಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಮಸೂರ ಉಜ್ಜುವವಳು ನಾನು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಮಾವನೂ ನಾನೂ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದೇವೆ. ಮಾವ ಒಂದು ದೊಡ್ಡ ಅಂಗಡಿ ಕಟ್ಟಡದಲ್ಲಿ ಮೂವತ್ತೆಂಟು ವರ್ಷ ಲಿಫ್ಟ್ ನಡೆಸಿದವರು. ಅವರು ನಿವೃತ್ತರಾದ ದಿನ, ಅಂದರೆ ಹನ್ನೆರಡು ವರ್ಷದ ಹಿಂದೆ, ನನ್ನ ಗಂಡ ರಟ್ಟಿನ ಡಬ್ಬಿಯೊಂದನ್ನು ತಂದು ಅಪ್ಪನ ಮಡಿಲಲ್ಲಿಟ್ಟ. ಒಳಗೆ ಅಂಗೈಯಗಲದ ನೆಲದ ಆಮೆ. “ಅಪ್ಪಾ, ನಿನ್ನ ಹಾಗೇ ನಿಧಾನಸ್ಥ. ಅವಸರವೇ ಇಲ್ಲ. ಇನ್ಮೇಲೆ ಈ ಮನೇಲಿ ಇವ್ರೇ ಯಜಮಾನ್ರು” ಅಂದ. ಅದೇ ಹೆಸರಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಯಜಮಾನರ ಊಟವಾಯಿತೇ, ಯಜಮಾನರು ಎದ್ದರೇ ಎಂಬ ವಿಚಾರಣೆಯೆಲ್ಲ ಆಮೆಯದೇ. ಪಕ್ಕದ ಮನೆಯವರು ಮೊದಮೊದಲು ಗಲಿಬಿಲಿಗೊಂಡರು. “ನಿಮ್ಮ ಯಜಮಾನ್ರು ಮೂರು ದಿನದಿಂದ ತಲೆ ಹೊರಗೆ ಹಾಕಿಲ್ವಂತೆ, ಹುಷಾರಿಲ್ವಾ?” ಎಂದು ಒಬ್ಬಾಕೆ ನನ್ನನ್ನೇ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದ್ದರು.

ಆರು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡ. ಕೆಲಸದ ಜಾಗದಲ್ಲೇ, ಕೂತಲ್ಲೇ ಹೃದಯ ನಿಂತುಹೋಯಿತು. ಆಮೇಲೆ ಬಹಳ ಕಾಲ ಆ ಹೆಸರು ನಮ್ಮಿಬ್ಬರ ಬಾಯಿಗೂ ಬರಲಿಲ್ಲ. ‘ಅದು’, ‘ಆಮೆ’ ಎಂದು ಏನೋ ಒಂದು ಅನ್ನುತ್ತಿದ್ದೆವು. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದಾಗ ಮಾವ ಗಾಜಿನ ಗೂಡಿನ ಮುಂದೆ ಬಗ್ಗಿ, “ಏನ್ ಯಜಮಾನ್ರೇ, ಇವತ್ತಾದ್ರೂ ಸ್ವಲ್ಪ ತಿಂತೀರಾ?” ಎಂದು ಕೇಳಿದ್ದು ಕಿವಿಗೆ ಬಿತ್ತು. ನಾನು ಚಪ್ಪಲಿ ಹಾಕಿಕೊಳ್ಳುತ್ತಾ ಹಾಗೇ ನಿಂತೆ. ಮನೆ ಮತ್ತೆ ಉಸಿರಾಡಿದ್ದು ಅಂದು. ಇದನ್ನು ನಿಮ್ಮ ಕನಿಕರಕ್ಕೆಂದು ಬರೆಯುತ್ತಿಲ್ಲ. ನಿಮ್ಮ ಕಡತದಲ್ಲಿ ‘ಸದರಿ ಪ್ರಾಣಿ, ಒಂದು’ ಎಂದು ನಮೂದಾಗಿರುವುದು ಏನೆಂದು ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಈಗ ಕೈಪಿಡಿಯ ವಿಷಯಕ್ಕೆ ಬರೋಣ. ಪರವಾನಗಿ ಪಡೆಯಲು ನನ್ನ ಗಂಡ ನಿಮ್ಮ ಕಚೇರಿಗೆ ಬಂದಾಗ ಎರಡನೇ ಕಿಟಕಿಯಲ್ಲಿ ಅವನಿಗೊಂದು ಪುಸ್ತಿಕೆ ಕೊಟ್ಟರು. ‘ಮನೆಯೊಳಗೆ ಆಮೆ: ಪಾಲಕರ ಕೈಪಿಡಿ’. ಮುಖಪುಟದಲ್ಲಿ ನಗುವ ಆಮೆಯ ಚಿತ್ರ. ನಕ್ಕಾಗ ಎರಡು ಸಾಲು ಬಿಳಿ ಹಲ್ಲು ಕಾಣುತ್ತವೆ. ಆಮೆಗೆ ಹಲ್ಲೇ ಇರುವುದಿಲ್ಲ ಎಂಬುದನ್ನು ಕಂಡ ದಿನವೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಸರಕಾರದ ಮೊಹರಿದ್ದ ಪುಸ್ತಕವಲ್ಲವೇ, ಚಿತ್ರ ಬರೆದವನು ತಪ್ಪಿರಬಹುದು, ಅಕ್ಷರ ಬರೆದವರು ತಪ್ಪುತ್ತಾರೆಯೇ ಅಂದುಕೊಂಡೆವು. ನೆಲದ ಆಮೆಯನ್ನು ನಾಲ್ಕೂ ಬದಿಗೆ ಪಾರದರ್ಶಕ ಗಾಜಿರುವ ಗೂಡಿನಲ್ಲಿಡತಕ್ಕದ್ದು, ಹೊರಗಿನ ದೃಶ್ಯ ಕಾಣುವುದರಿಂದ ಅದಕ್ಕೆ ಉಲ್ಲಾಸವಾಗುತ್ತದೆ ಎಂದಿತ್ತು. ಬಿಸಿಲಿಗಾಗಿ ಗೂಡನ್ನು ಮುಚ್ಚಿದ ಕಿಟಕಿಯ ಪಕ್ಕದಲ್ಲಿಡತಕ್ಕದ್ದು, ಬೆಚ್ಚಗಿರಲು ಅರವತ್ತು ವ್ಯಾಟಿನ ಸಾದಾ ಬಲ್ಬು ಸಾಕು ಎಂದಿತ್ತು. ಎಲೆಕೋಸು, ಟೊಮೆಟೊ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಅದರ ಅಚ್ಚುಮೆಚ್ಚಿನ ಆಹಾರ ಎಂದಿತ್ತು. ನನ್ನ ಗಂಡ ಅಳತೆಪಟ್ಟಿ ಹಿಡಿದು ಪುಟ ನೋಡಿಕೊಂಡೇ ಗೂಡು ಕಟ್ಟಿದ. ಮಾವ ಬೆಳಿಗ್ಗೆ ಎಂಟಕ್ಕೆ ಬಲ್ಬು ಹಾಕಿ ಸಂಜೆ ಆರಕ್ಕೆ ಆರಿಸುತ್ತಿದ್ದರು, ಲಿಫ್ಟಿನ ಡ್ಯೂಟಿಯಷ್ಟೇ ನಿಷ್ಠೆಯಿಂದ.

ಯಜಮಾನರು ಬಂದ ವಾರದಲ್ಲೇ ನಡೆಯಲು ಶುರುಮಾಡಿದರು. ಗಾಜಿಗೆ ಮೂತಿಯೊತ್ತಿ, ಮುಂಗಾಲಿನಿಂದ ಗಾಜನ್ನು ಕೆರೆಯುತ್ತ, ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ. ದಿನವಿಡೀ ಕರ್‌ ಕರ್‌ ಎಂಬ ಸದ್ದು. ನಾವು ಅದನ್ನು ಉಲ್ಲಾಸವೆಂದೇ ತಿಳಿದೆವು, ಕೈಪಿಡಿ ಹೇಳಿತ್ತಲ್ಲ! ಬಂದವರಿಗೆ ಕರೆದು ತೋರಿಸುತ್ತಿದ್ದೆವು. “ಯಜಮಾನ್ರು ವಾಕಿಂಗ್ ಹೊರಟ್ರು” ಎಂದು ನನ್ನ ಗಂಡ ನಗುತ್ತಿದ್ದ. ಹನ್ನೊಂದು ವರ್ಷ, ಮಾನ್ಯರೇ, ಆ ಜೀವ ಹೊರಗೆ ಹೋಗಲು ದಾರಿ ಹುಡುಕಿತು. ನಾವು ಪಕ್ಕದಲ್ಲಿ ಕೂತು ಟೀ ಕುಡಿದೆವು.

ಕಳೆದ ವರ್ಷ ಮಾವ ಅವರನ್ನು ಸ್ನಾನಕ್ಕೆಂದು ಎತ್ತಿದಾಗ ಬೆರಳು ಚಿಪ್ಪಿನೊಳಕ್ಕೆ ಸ್ವಲ್ಪ ಇಳಿಯಿತು. “ಇಲ್ಬಾರಮ್ಮ” ಎಂದು ನನ್ನನ್ನು ಕರೆದರು. ಅವರ ದನಿ ಎಂದಿನಂತಿರಲಿಲ್ಲ. ನಾನೂ ಒತ್ತಿ ನೋಡಿದೆ. ನೀರಲ್ಲಿ ನೆನೆದ ರಟ್ಟಿನ ಹಾಗಿತ್ತು. ನೆಲಕ್ಕೆ ಬಿಟ್ಟರೆ ಹಿಂಗಾಲು ಎಳೆದುಕೊಂಡು ಹೋಗುತ್ತಿದ್ದರು. ಬಾಯಿಯ ಕೊಕ್ಕು ಅಡ್ಡಾದಿಡ್ಡಿ ಬೆಳೆದಿತ್ತು. ಆ ಮಧ್ಯಾಹ್ನವೇ ಟವೆಲಿನಲ್ಲಿ ಸುತ್ತಿಕೊಂಡು ಪಶುವೈದ್ಯೆಯ ಬಳಿಗೆ ಹೋದೆವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಎಲ್ಲ ಪರೀಕ್ಷೆ ಮಾಡಿ, “ಇದಕ್ಕೆ ಬಿಸಿಲು ಸಿಗುತ್ತಾ?” ಎಂದು ಕೇಳಿದರು.

“ಸಿಗುತ್ತಲ್ಲ ಡಾಕ್ಟ್ರೇ, ಕಿಟಕಿ ಪಕ್ಕದಲ್ಲೇ ಇಟ್ಟಿದೀವಿ” ಅಂದರು ಮಾವ.

“ಕಿಟಕಿ ತೆಗೆದಿರುತ್ತಾ, ಗಾಜು ಮುಚ್ಚಿರುತ್ತಾ?”

“ಮುಚ್ಚೇ ಇರುತ್ತೆ. ಗಾಳಿ ತಾಗಬಾರದು ಅಂತ ಪುಸ್ತಕದಲ್ಲಿತ್ತು.”

“ಹಾಗಾದ್ರೆ ಬೆಳಕು ಮಾತ್ರ ಬಂದಿದೆ. ಮೂಳೆ ಗಟ್ಟಿಯಾಗೋಕೆ ಬೇಕಾದ ಕಿರಣ ಗಾಜಿನಲ್ಲೇ ನಿಂತುಹೋಗುತ್ತೆ.”

ಮಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮಾನ್ಯರೇ, ನನ್ನ ಕಸುಬೇ ಗಾಜು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಕಿರಣಗಳಿವೆ, ಅವುಗಳಲ್ಲಿ ಬಹುಪಾಲನ್ನು ಗಾಜು ತಡೆಯುತ್ತದೆ, ಉಳಿದದ್ದನ್ನು ನಮ್ಮ ಲೇಪನ ತಡೆಯುತ್ತದೆ ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳಿದ ಬಾಯಿ ಇದು. ಅಂಗಡಿಯಲ್ಲಿ ಗೊತ್ತಿದ್ದ ಸಂಗತಿ ಮನೆಯ ಹೊಸ್ತಿಲು ದಾಟುವಾಗ ಎಲ್ಲಿ ಹೋಯಿತು? ಕೈಪಿಡಿ ಇತ್ತಲ್ಲ ಎಂದು ನಾನು ಯೋಚಿಸುವುದನ್ನೇ ಬಿಟ್ಟಿದ್ದೆ. ಈ ತಪ್ಪು ನನ್ನದು. ಇದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನಿಮ್ಮ ತಪ್ಪನ್ನು ನನ್ನ ತಲೆಗೆ ಕಟ್ಟಲು ನೀವು ಹಿಂದೆಮುಂದೆ ನೋಡಲಿಲ್ಲ. ಅದನ್ನೇ ಮುಂದೆ ಹೇಳಲಿದ್ದೇನೆ.

ಡಾಕ್ಟರಮ್ಮ ಬೇರೆ ಬಗೆಯ ದೀಪ ಬರೆದುಕೊಟ್ಟರು. ಸುಣ್ಣದಂಶದ ಪುಡಿ ಬರೆದುಕೊಟ್ಟರು. ಎಲೆಕೋಸು, ಬ್ರೆಡ್ಡು, ಹಾಲು ಎಲ್ಲ ನಿಲ್ಲಿಸಿ, ಹುಲ್ಲು, ದಾಸವಾಳದ ಎಲೆ, ಔಷಧ ಸಿಂಪಡಿಸದ ಕಾಡುಸೊಪ್ಪು ಕೊಡಿ ಅಂದರು. ಕೊನೆಗೆ, “ದಿನವೆಲ್ಲ ಗಾಜಿಗೆ ತಲೆ ಒತ್ತಿಕೊಂಡು ಓಡಾಡುತ್ತಾ?” ಎಂದು ಕೇಳಿದರು.

“ಹೂಂ. ಭಾರೀ ಚಟುವಟಿಕೆ” ಅಂದರು ಮಾವ, ಒಂದಾದರೂ ಒಳ್ಳೆಯ ಸುದ್ದಿ ಹೇಳಲು ಸಿಕ್ಕಿತೆಂಬಂತೆ.

“ಅದು ಚಟುವಟಿಕೆ ಅಲ್ಲ ತಾತ. ಅದಕ್ಕೆ ಗಾಜು ಅಂದ್ರೆ ಗೋಡೆ ಅಂತ ಗೊತ್ತಾಗೋದೇ ಇಲ್ಲ. ಆಚೆ ಕಡೆ ಕಾಣುತ್ತೆ, ಹೋಗೋಕಾಗಲ್ಲ. ಕೆಳಗಡೆ ಒಂದು ಗೇಣಿನಷ್ಟು ಎತ್ತರಕ್ಕೆ ಸುತ್ತಲೂ ದಪ್ಪ ಕಾಗದ ಅಂಟಿಸಿ. ಗೋಡೆ ಕಂಡ್ರೆ ಸುಮ್ಮನಾಗುತ್ತೆ.”

ಅಂದು ಸಂಜೆಯೇ ನಾನು ಕಂದು ಕಾಗದ ಕತ್ತರಿಸಿ ನಾಲ್ಕೂ ಬದಿಗೆ ಅಂಟಿಸಿದೆ. ಮಾವ ಅಂಟುಪಟ್ಟಿ ಹಿಡಿದುಕೊಂಡರು. ಮಾರನೆಯ ದಿನ ಯಜಮಾನರು ಎರಡು ಸುತ್ತು ಹಾಕಿದರು. ಅದರ ಮರುದಿನ ಒಂದು. ನಾಲ್ಕನೇ ದಿನ ದೀಪದ ಕೆಳಗೆ ಕಾಲು ಚಾಚಿ, ಕತ್ತು ಉದ್ದ ಬಿಟ್ಟು ಮಲಗಿಬಿಟ್ಟರು. ಕರ್‌ ಕರ್‌ ಸದ್ದು ನಿಂತ ಮನೆಯಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಮಾವ, “ಇಷ್ಟೇನಾ? ಇಷ್ಟೇ ಆಗಿತ್ತಾ?” ಅಂದರು. ಹನ್ನೊಂದು ವರ್ಷದ ಸಂಕಟಕ್ಕೆ ಮದ್ದು ಒಂದು ಗೇಣು ಕಾಗದ. ನಿಮ್ಮ ಕೈಪಿಡಿಯ ನಾಲ್ಕು ಹಾಳೆ ಹರಿದು ಅಂಟಿಸಿದ್ದರೂ ಸಾಕಾಗುತ್ತಿತ್ತು. ಆ ಪುಸ್ತಿಕೆಯಿಂದ ಆಗಬಹುದಾಗಿದ್ದ ಒಂದೇ ಒಂದು ಉಪಯೋಗ ಅದು.

ಎಂಟು ತಿಂಗಳಲ್ಲಿ ಚಿಪ್ಪು ಗಟ್ಟಿಯಾಗುತ್ತ ಬಂತು. ಹಿಂಗಾಲು ಪೂರ್ತಿ ಸರಿಹೋಗಲಿಲ್ಲ. ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪವಿಡದೆ ನೇರವಾಗಿ ಹೇಳಿದರು: “ನೀವು ಮಾಡೋದನ್ನೆಲ್ಲ ಮಾಡಿದೀರಿ. ಆದ್ರೂ ಕೋಣೆ ಕೋಣೆನೇ. ಇನ್ನೂ ಐವತ್ತು ವರ್ಷ ಬದುಕೋ ಜೀವ ಇದು. ಮಣ್ಣಲ್ಲಿ ಓಡಾಡಬೇಕು.” ಊರ ಹೊರಗೆ ಸಸಿ ಬೆಳೆಸಿ ಮಾರುವ ಹೆಂಗಸೊಬ್ಬರು ತಮ್ಮ ತೋಟದಲ್ಲಿ ಬೇಲಿ ಹಾಕಿ ಇಂಥ ಆರು ಆಮೆಗಳನ್ನು ನೋಡಿಕೊಳ್ಳುತ್ತಾರಂತೆ. ಅವರು ಒಪ್ಪಿದರು. ಆದರೆ ಮಾವ ಒಪ್ಪಬೇಕಲ್ಲ. ಹೇಗೆ ಹೇಳುವುದೆಂದು ನಾನು ಮೂರು ದಿನ ಮಾತು ಹುಡುಕುತ್ತಿದ್ದೆ. ನಾಲ್ಕನೇ ದಿನ ಅವರೇ ಶುರುಮಾಡಿದರು. “ಮೂವತ್ತೆಂಟು ವರ್ಷ ಪೆಟ್ಟಿಗೆಯೊಳಗೆ ನಿಂತವನು ನಾನು. ಆದ್ರೆ ನಂಗೆ ಸಂಜೆ ಆರಕ್ಕೆ ಬಾಗಿಲು ತೆಗೀತಿದ್ರು. ಕಳಿಸಿಬಿಡೋಣಮ್ಮ. ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ.” ಹೇಳಿ ಮುಗಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಈ ನಡುವೆ ನಾನು ಮಾಡಿದ ದೊಡ್ಡ ಅಪರಾಧವೆಂದರೆ ನಿಮಗೆ ಪತ್ರ ಬರೆದದ್ದು. ನಿಮ್ಮ ಕೈಪಿಡಿ ತಪ್ಪಾಗಿದೆ, ಅದನ್ನು ನಂಬಿ ನಮ್ಮ ಆಮೆಗೆ ಹೀಗಾಯಿತು, ವೈದ್ಯರ ಅಭಿಪ್ರಾಯ ಲಗತ್ತಿಸಿದ್ದೇನೆ, ದಯವಿಟ್ಟು ತಿದ್ದಿ, ಇನ್ನೊಬ್ಬರ ಮನೆಯಲ್ಲಿ ಹೀಗಾಗದಿರಲಿ ಎಂದು ಬರೆದೆ. ಎರಡು ತಿಂಗಳ ನಂತರ ನೆನಪೋಲೆ ಬರೆದೆ. ಮತ್ತೆ ಒಂದು ತಿಂಗಳಿಗೆ ಇನ್ನೊಂದು. ಉತ್ತರ ಬಂತು: ‘ಕೈಪಿಡಿಯು ಮಾರ್ಗದರ್ಶಕ ಸ್ವರೂಪದ್ದಾಗಿದ್ದು ಬದ್ಧತೆ ಇರುವುದಿಲ್ಲ. ತಮ್ಮ ಪತ್ರವನ್ನು ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ.’ ಸೂಕ್ತ ಕ್ರಮ! ಓದಿ ನಾನು ಎಷ್ಟು ಖುಷಿಪಟ್ಟೆನೆಂದರೆ, ಮಾವನಿಗೆ ಎರಡು ಸಲ ಓದಿ ಹೇಳಿದೆ. ನನ್ನ ಪತ್ರ ಹೋದದ್ದು ತಪಾಸಣಾ ವಿಭಾಗಕ್ಕೆ ಎಂದು ನನಗೇನು ಗೊತ್ತು? ಅಲ್ಲಿ ಅದನ್ನು ಕೈಪಿಡಿಯ ಮೇಲಿನ ದೂರು ಎಂದು ಯಾರೂ ಓದಲಿಲ್ಲ. ‘ಪ್ರಾಣಿಗೆ ರೋಗ ಬರುವಂತೆ ನಡೆಸಿಕೊಂಡಿರುವುದಾಗಿ ಪರವಾನಗಿದಾರರ ಮನೆಯವರೇ ಒಪ್ಪಿಕೊಂಡಿರುತ್ತಾರೆ’ ಎಂದು ಓದಿದರು.

ಭಾನುವಾರ ಹೊರಡಬೇಕಿತ್ತು. ಶುಕ್ರವಾರ ತಪಾಸಣೆಯವರು ಬಂದರು. ಒಬ್ಬರು ಅಧಿಕಾರಿ, ಜೊತೆಗೆ ಪೆಟ್ಟಿಗೆ ಹಿಡಿದ ಇಬ್ಬರು. ನಾನು ಊಟಕ್ಕೆ ಮನೆಗೆ ಬಂದಿದ್ದೆ.

“ಯಜಮಾನ್ರು ಮನೇಲಿದ್ದಾರಾ?” ಎಂದು ಅಧಿಕಾರಿ ಕೇಳಿದರು.

“ಇದ್ದಾರೆ, ಬನ್ನಿ. ಈಗ ತಾನೇ ಎದ್ರು” ಎಂದು ಮಾವ ಸಂತೋಷದಿಂದ ಗೂಡಿನ ಹತ್ತಿರ ಕರೆದೊಯ್ದರು. ಪಾಪ, ಕೈಪಿಡಿ ತಿದ್ದಲು ಬಂದವರೆಂದುಕೊಂಡಿದ್ದರು.

ಅಧಿಕಾರಿಯ ಕೈಯಲ್ಲಿ ಒಂದು ಹಾಳೆ. ಹಾಳೆಯ ತುಂಬ ಚೌಕಗಳು. ಅದೇ ಕೈಪಿಡಿಯ ಅಂಶಗಳನ್ನೇ ಪ್ರಶ್ನೆಯಾಗಿ ತಿರುಗಿಸಿ ಬರೆದದ್ದು. “ಗಾಜಿಗೆ ಕಾಗದ ಯಾಕೆ ಅಂಟಿಸಿದ್ದೀರಿ? ಒಳಗಿನ ಪರಿಸ್ಥಿತಿ ಮುಚ್ಚಿಡೋಕಾ?” ಎಂದು ಕೇಳಿದರು. ನಾನು ವೈದ್ಯೆ ಹೇಳಿದ್ದನ್ನು ಹೇಳಿದೆ. “ಪಾರದರ್ಶಕತೆ ಇಲ್ಲ” ಎಂದು ಬರೆದುಕೊಂಡರು. ದೀಪ ನೋಡಿದರು. “ಅರವತ್ತು ವ್ಯಾಟಿನದಲ್ಲವಲ್ಲ” ಎಂದು ಇನ್ನೊಂದು ಗೆರೆ. ತಟ್ಟೆ ನೋಡಿದರು. “ಎಲೆಕೋಸು ಎಲ್ಲಿ? ಬರೀ ಹುಲ್ಲು ಹಾಕಿದ್ದೀರಿ?”

“ಸ್ವಾಮಿ, ಆ ಪುಸ್ತಕ ಬದ್ಧತೆ ಇಲ್ಲದ್ದು ಅಂತ ನಿಮ್ಮ ಆಫೀಸಿನವರೇ ಬರೆದಿದ್ದಾರೆ” ಎಂದು ನಾನು ಉತ್ತರದ ಕಾಗದ ಹಿಡಿದೆ.

“ಬದ್ಧತೆ ಇಲ್ಲದ್ದು ನಮಗೆ, ಮೇಡಂ. ನೀವು ಪರವಾನಗಿ ತಗೊಂಡವರು.”

ಮಾನ್ಯರೇ, ಕಾನೂನು ಓದಿದವರು ತುಂಬ ಜನ ಇರುವ ಊರು ಇದು. ಈ ವಾಕ್ಯವನ್ನು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಒಂದು ಕಚೇರಿ ಬರೆದ ಮಾತಿಗೆ ಆ ಕಚೇರಿಯೇ ಬದ್ಧವಲ್ಲ, ಓದಿದವನು ಬದ್ಧ. ಪಾಲಿಸಿದರೆ ಹಿಂಸೆ, ಪಾಲಿಸದಿದ್ದರೆ ಉಲ್ಲಂಘನೆ. ಹಾಗಾದರೆ ಆಮೆ ಸಾಕುವವನು ಏನು ಮಾಡಬೇಕು?

ನನ್ನ ಮೇಲೆ ಕ್ರೌರ್ಯದ ಮೊಕದ್ದಮೆ ಎಂದು ಒಂದು ಕಾಗದ ಕೈಗಿತ್ತು, ಯಜಮಾನರನ್ನು ಪೆಟ್ಟಿಗೆಗೆ ಹಾಕಿದರು. ಭುಸ್ಸೆಂದು ಉಸಿರು ಬಿಟ್ಟು ತಲೆ ಒಳಗೆಳೆದುಕೊಂಡರು. ಮಾವ ಚಪ್ಪಲಿ ಮೆಟ್ಟಿ ಅವರ ಹಿಂದೆಯೇ ಹೋದರು. ನಾನೂ ಹೋದೆ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಎಲ್ಲರೂ ಹತ್ತಿದಾಗ ಮಾವ ತಮ್ಮ ಹಳೆಯ ರೂಢಿಯಂತೆ ಗುಂಡಿಗಳ ಬಳಿ ಬೆನ್ನು ನೆಟ್ಟಗೆ ಮಾಡಿ ನಿಂತರು. “ಯಾವ ಮಹಡಿ?” ಎಂದು ಕೇಳಿದರು. ಅವರೇ ಗುಂಡಿ ಒತ್ತಿ, ಕೆಳಗೆ ಬಂದಾಗ ಬಾಗಿಲಿಗೆ ಕೈ ಅಡ್ಡ ಹಿಡಿದು ಆ ಮೂವರನ್ನೂ ಪೆಟ್ಟಿಗೆಯನ್ನೂ ಹೊರಗೆ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ನಾನ್ಯಾಕಮ್ಮ ಇವ್ರಿಗೆ ದಾರಿ ಬಿಟ್ಟೆ?” ಎಂದು ಕೇಳಿದರು.

ಮೇಲ್ಮನವಿ ಸಲ್ಲಿಸಲು ನಿಮ್ಮ ಕಚೇರಿಗೆ ಬಂದ ದಿನ ಹಜಾರದಲ್ಲಿ ಯಜಮಾನರನ್ನು ಕಂಡೆ. ಫಳಫಳ ಹೊಳೆಯುವ ಹೊಸ ಗಾಜಿನ ಗೂಡು. ಅರವತ್ತು ವ್ಯಾಟಿನ ಬಲ್ಬು. ಎಲೆಕೋಸಿನ ಚೂರು. ಮೂತಿ ಗಾಜಿಗೊತ್ತಿ, ಕುಂಟುವ ಹಿಂಗಾಲು ಎಳೆಯುತ್ತ ಈ ಮೂಲೆಯಿಂದ ಆ ಮೂಲೆಗೆ. ಟೋಕನ್ ಹಿಡಿದು ಕಾಯುತ್ತಿದ್ದವರು ನಗುತ್ತ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು. “ಎಷ್ಟು ಚುರುಕಾಗಿದೆ ನೋಡು” ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಕಿಟಕಿಯ ಗುಮಾಸ್ತೆಯನ್ನು ಕೇಳಿದೆ. “ಜಪ್ತಿ ಆದ ಪ್ರಾಣಿ ಇಡೋಕೆ ಬೇರೆ ಜಾಗ ಇಲ್ಲ ಮೇಡಂ. ಹೇಗೂ ಮಾದರಿ ಘಟಕ ಖಾಲಿ ಇತ್ತು” ಅಂದರು. ಮೊದಲಿದ್ದ ಆಮೆ ಏನಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮನೆಗೆ ಹೋಗಿ ಮಾವನಿಗೆ ಹೇಳಲೋ ಬೇಡವೋ ಎಂದು ಒದ್ದಾಡಿ ಹೇಳಿದೆ. ಮರುದಿನದಿಂದ ಅವರ ಹೊಸ ಡ್ಯೂಟಿ ಶುರುವಾಯಿತು. ಕಚೇರಿ ತೆರೆಯುವ ಹೊತ್ತಿಗೆ ಹೋಗಿ ಗೂಡಿನ ಉದ್ದದ ಬದಿಗೆ ಒರಗಿ ನಿಲ್ಲುವುದು. ಮೊದಲ ದಿನ ಕಾಗದ ಅಂಟಿಸಲು ಹೋಗಿ ಬೈಸಿಕೊಂಡಿದ್ದರು. ಗಾಜಿಗೆ ಏನನ್ನೂ ಅಂಟಿಸಬಾರದು ತಾನೇ? ಸರಿ, ತಾವೇ ಗೋಡೆಯಾದರು. ಒಂದು ಬದಿಗೆ ತಮ್ಮ ಕಾಲು, ಇನ್ನೊಂದು ಬದಿಗೆ ಕೋಟು, ಮತ್ತೊಂದಕ್ಕೆ ಚೀಲ. ನಾಲ್ಕನೆಯ ಬದಿಗೆ ಹೇಗೂ ಕಪಾಟಿತ್ತು. ಅವರು ನಿಂತಷ್ಟು ಹೊತ್ತು ಯಜಮಾನರು ನಡೆಯುವುದನ್ನು ನಿಲ್ಲಿಸುತ್ತಿದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ, ಕಾಲು ಊದುತ್ತದೆ, ಆದರೂ ದಿನಕ್ಕೆ ಆರು ಗಂಟೆ ನಿಂತರು. ಕಾವಲಿನವನು ಮನುಷ್ಯ, ಎರಡನೇ ವಾರ ಒಂದು ಕುರ್ಚಿ ತಂದುಕೊಟ್ಟ.

ಕೆಲಸವಿಲ್ಲದವರು ಹಜಾರದಲ್ಲಿ ಕೂರುವಂತಿಲ್ಲ ಎಂಬ ನಿಯಮ ನಿಮ್ಮಲ್ಲಿದೆ. ಮಾವ ಅದಕ್ಕೂ ದಾರಿ ಕಂಡುಕೊಂಡರು. ದಿನಾ ಟೋಕನ್ ತೆಗೆದುಕೊಂಡು ಹೊಸ ಆಮೆ ಸಾಕಲು ಪರವಾನಗಿಗೆ ಅರ್ಜಿ ಕೇಳುವುದು. ಸಂಖ್ಯೆ ಕೂಗಿದಾಗ, “ಇನ್ನೂ ಯೋಚನೆ ಮಾಡ್ತಿದೀನಿ ತಾಯಿ” ಎಂದು ಹೇಳಿ ಮತ್ತೊಂದು ಟೋಕನ್ ತೆಗೆದುಕೊಳ್ಳುವುದು. ದಿನಕ್ಕೊಂದು ಅರ್ಜಿ, ಅದರ ಜೊತೆಗೆ ಒಂದು ಕೈಪಿಡಿ ಉಚಿತ. ನಮ್ಮ ಮನೆಯಲ್ಲೀಗ ನಲವತ್ತೊಂದು ಕೈಪಿಡಿಗಳಿವೆ, ನಲವತ್ತೊಂದರಲ್ಲೂ ಹಲ್ಲು ಕಿರಿದು ನಗುವ ಆಮೆ. ನಗಬೇಕೆನ್ನಿಸಿದರೆ ನಗಿ. ನಾನೂ ಮೊದಲು ನಕ್ಕಿದ್ದೆ. ಆದರೆ ಆ ನಲವತ್ತೊಂದು ದಿನಗಳಲ್ಲಿ ಅದೇ ಕಿಟಕಿಯಿಂದ ಬೇರೆಯವರೂ ಈ ಪುಸ್ತಿಕೆ ಒಯ್ದರಲ್ಲ, ಅವರು ಇಂದು ಯಾವ ಕಿಟಕಿಯ ಪಕ್ಕ ಯಾವ ಜೀವವನ್ನಿಟ್ಟು ಯಾರನ್ನು ಕರೆದು ತೋರಿಸುತ್ತಿದ್ದಾರೆ? ಪರವಾನಗಿ ಪುಸ್ತಕ ನಿಮ್ಮಲ್ಲಿದೆ. ಎಷ್ಟು ಮನೆಗಳಿವೆ ಎಂದು ನೀವು ಬಲ್ಲಿರಿ, ನಾನು ಅರಿಯೆ.

ಎರಡು ವಾರದ ಹಿಂದೆ ಹಜಾರದ ಬಾಗಿಲಿಗೆ ನಿಮ್ಮ ಸಹಿಯ ಸುತ್ತೋಲೆ ಅಂಟಿತು: ಒಬ್ಬ ವ್ಯಕ್ತಿಗೆ ತಿಂಗಳಿಗೆ ಒಂದೇ ಟೋಕನ್. ಮಾವನನ್ನು ಒಳಗೆ ಬಿಡಲಿಲ್ಲ. ಅವರು ಮೂರು ದಿನ ಹೊರಗಿನ ಮೆಟ್ಟಿಲಲ್ಲಿ ಕೂತು ಬಂದರು. ನಾಲ್ಕನೇ ದಿನ ಏಳಲಾಗಲಿಲ್ಲ. ಈಗ ಕಾಲು ಮೇಲಿಟ್ಟು ಮಲಗಿದ್ದಾರೆ. ನಾನು ಮೇಲ್ಮನವಿಯ ನೆಪದಲ್ಲಿ ಮೊನ್ನೆ ಬುಧವಾರ ಹೋಗಿ ನೋಡಿದೆ. ಯಜಮಾನರು ನಡೆಯುತ್ತಿಲ್ಲ. ಮೂಲೆಯಲ್ಲಿ ಮುಖ ಹುದುಗಿಸಿ ಕೂತಿದ್ದಾರೆ. ಕಣ್ಣುರೆಪ್ಪೆ ಊದಿದೆ. ಎಲೆಕೋಸು ಒಣಗಿ ಕಾಗದದಂತಾಗಿದೆ. ತಿಂದು ಒಂಬತ್ತು ದಿನವಾಯಿತೆಂದು ತಿಳಿಯಿತು, ಯಾರಿಂದೆಂದು ಹೇಳುವುದಿಲ್ಲ. ಡಾಕ್ಟರಮ್ಮ ಗುರುವಾರ ತಾವಾಗಿ ಬಂದು ನೋಡುತ್ತೇನೆಂದರೆ, ಅವರು ನಿಮ್ಮ ಪಟ್ಟಿಯಲ್ಲಿರುವ ವೈದ್ಯರಲ್ಲ ಎಂದು ವಾಪಸು ಕಳಿಸಿದರು. ಪಟ್ಟಿಯಲ್ಲಿರುವ ವೈದ್ಯರು ಯಾರು ಎಂದು ಕೇಳಿದ್ದಕ್ಕೆ, ಆ ಹುದ್ದೆ ಖಾಲಿಯಿದೆ ಎಂದರು.

ಮಾವ ಮನೆಯಲ್ಲಿ ದಿನಕ್ಕೊಂದು ಸಲ ಕೇಳುತ್ತಾರೆ: “ಏನಂತೆ?” ನಾನು ಸುಳ್ಳು ಹೇಳುತ್ತೇನೆ. ಮುದುಕರಿಗೆ ನನ್ನ ಸುಳ್ಳು ಗೊತ್ತಾಗುತ್ತದೆಂದು ನನಗೂ ಗೊತ್ತಾಗುತ್ತದೆ.

ನಾನು ಯಜಮಾನರನ್ನು ವಾಪಸು ಕೇಳುತ್ತಿಲ್ಲ. ನಮ್ಮ ಮೂರನೇ ಮಹಡಿ ಅವರಿಗೆ ಎಂದೂ ಸರಿಯಾದ ಜಾಗವಾಗಿರಲಿಲ್ಲ. ನನ್ನ ಮೇಲಿನ ಮೊಕದ್ದಮೆಯನ್ನು ಕೈಬಿಡಿ ಎಂದೂ ಕೇಳುತ್ತಿಲ್ಲ. ಕ್ರೌರ್ಯ ಎಂದು ಬರೆದಿದ್ದೀರಿ, ಇರಲಿ, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಹಾಕುತ್ತೇನೆ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಟೀ ಕುಡಿದವಳಿಗೆ ಅಷ್ಟಾದರೂ ಆಗಬೇಕು. ನಾನು ಕೇಳುವುದು ಇಷ್ಟು. ಎರಡನೇ ಕಿಟಕಿಯಲ್ಲಿ ಹಂಚುತ್ತಿರುವ ಆ ಕೈಪಿಡಿಯನ್ನು ಇಂದೇ ನಿಲ್ಲಿಸಿ. ನಿಮ್ಮ ಪುಸ್ತಕದಲ್ಲಿ ಹೆಸರಿರುವ ಪ್ರತಿ ಪರವಾನಗಿದಾರರಿಗೂ, ಹಳೆಯದರಲ್ಲಿ ತಪ್ಪಿತ್ತು ಎಂದು ನೇರ ಮಾತಿನಲ್ಲಿ ಒಂದು ಕಾಗದ ಬರೆಯಿರಿ. ಏನು ಬರೆಯಬೇಕೆಂಬುದನ್ನು ಡಾಕ್ಟರಮ್ಮ ಒಂದು ಪುಟದಲ್ಲಿ ಬರೆದುಕೊಟ್ಟಿದ್ದಾರೆ, ಈ ಪತ್ರದ ಜೊತೆಗಿದೆ. ಇನ್ನು ಯಜಮಾನರ ವಿಷಯ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರಮ್ಮ, ಸಸಿತೋಟದ ಹೆಂಗಸು, ನಾನು, ಮೂವರೂ ನಿಮ್ಮ ಹಜಾರಕ್ಕೆ ಬರುತ್ತೇವೆ. ನನ್ನ ಈ ತಿಂಗಳ ಟೋಕನ್ ಮುಗಿದಿದೆ. ಅವರಿಬ್ಬರದು ಬಾಕಿಯಿದೆ. ಹುಲ್ಲು ಹಾಸಿದ ಒಂದು ಬುಟ್ಟಿ ತರುತ್ತೇವೆ. ಕಡತದಲ್ಲಿ ವರ್ಗಾವಣೆ ಎಂದಾದರೂ ಬರೆದುಕೊಳ್ಳಿ, ವಿಲೇವಾರಿ ಎಂದಾದರೂ ಬರೆದುಕೊಳ್ಳಿ, ನಮಗೆ ಯಾವ ಪದವಾದರೂ ಸರಿ.

ನೀವು ನಾಲ್ಕನೇ ಮಹಡಿಯಿಂದ ಇಳಿದು ಬರಬೇಕಾಗಿಯೂ ಇಲ್ಲ. ಮುಚ್ಚಳ ತೆಗೆಯಿರಿ ಎಂದು ಕೆಳಗೆ ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕು.

ಇಂತಿ,
ವಿಧೇಯಳಾಗಿದ್ದೇ ಮಹಾಪರಾಧವಾದ,
ಕನ್ನಡಕದಂಗಡಿಯ ಹಿಂದಿನ ಕೋಣೆಯವಳು